ದೇಸಾಯರ ಕೋಟೆ, ಶಿತೋಳೆಯವರ ಕುದುರೆ

ಜಪಾನಿಗೆ ಹೋಗಿ ಹಿಮೇಜಿಯ ಬಿಳಿಯ ಕೋಟೆಯನ್ನು ನೋಡಿ ಬಂದವರು ಊರಿಗೆ ಮರಳಿದ ಮೇಲೆ ಒಂದು ಮಾತನ್ನು ತಪ್ಪದೆ ಹೇಳುತ್ತಾರೆ: ಅವರು ಉಳಿಸಿಕೊಂಡರು, ನಾವು ಕಳೆದುಕೊಂಡೆವು. ಅದರ ಹಿಂದೆಯೇ ಕಾರಣವೂ ಬರುತ್ತದೆ. ಅವರಿಗೆ ಇತಿಹಾಸದ ಅಭಿಮಾನವಿದೆ, ನಮಗಿಲ್ಲ. ಬೆಳಗಾವಿ ಜಿಲ್ಲೆಯ ಉತ್ತರದ ಐದು ತಾಲೂಕುಗಳನ್ನು, ಅಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಮೊದಲನೆಯ ಮಾತು ಅರ್ಧ ನಿಜ, ಎರಡನೆಯದು ಪೂರ್ತಿ ಸುಳ್ಳು ಎನ್ನಬೇಕಾಗುತ್ತದೆ. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ಈ ಕರಿಮಣ್ಣಿನ ಸೀಮೆಯಲ್ಲಿ ದೇಸಾಯರು, ದೇಶಮುಖರು, ಪಟವರ್ಧನರು, ಸಿಂಧ್ಯರ ಬೀಗರು ವಾಡೆಗಳನ್ನು ಕಟ್ಟಿ, ಕೆಲವರು ಬುರುಜು ಎಬ್ಬಿಸಿ, ಕುದುರೆ ಕಟ್ಟಿ ಆಳಿದರು. ಅವುಗಳಲ್ಲಿ ಯಾವುದು ಉಳಿಯಿತು, ಯಾವುದು ಅಳಿಯಿತು ಎಂಬುದನ್ನು ಜನರ ಅಭಿಮಾನವಾಗಲಿ ಕಲ್ಲಿನ ಗಟ್ಟಿತನವಾಗಲಿ ತೀರ್ಮಾನಿಸಲಿಲ್ಲ. ಕಟ್ಟಡಕ್ಕೆ ಹೊತ್ತುಕೊಂಡ ಕೆಲಸವೊಂದು ಇತ್ತೇ, ಆ ಕೆಲಸ ನಿಂತಾಗ ಬೇರೊಂದು ಸಿಕ್ಕಿತೇ ಎಂಬುದು ತೀರ್ಮಾನಿಸಿತು. ಜಪಾನಿನ ಕೋಟೆಗಳ ಕಥೆಯೂ, ಹತ್ತಿರ ಹೋಗಿ ನೋಡಿದರೆ, ಇದನ್ನೇ ಹೇಳುತ್ತದೆ.

ಮೊದಲು ವಾಡೆ ಎಂದರೆ ಏನಾಗಿತ್ತು ಎಂಬುದನ್ನು ಸರಿಪಡಿಸಿಕೊಳ್ಳಬೇಕು. ನಮ್ಮ ಸಿನಿಮಾಗಳು ಕಲಿಸಿದಂತೆ ಅದು ಉಯ್ಯಾಲೆ, ಕಂಬದ ಪಡಸಾಲೆ, ಮೀಸೆಯ ಒಡೆಯ ಇರುವ ದೊಡ್ಡ ಮನೆಯಷ್ಟೇ ಆಗಿರಲಿಲ್ಲ. ಎತ್ತರದ ದಿಂಡಿ ಬಾಗಿಲಿನ ಒಳಗೆ ಸದರು ಇತ್ತು. ಅಲ್ಲಿ ಕುಲಕರ್ಣಿಗಳು ತಂದ ಲೆಕ್ಕ ಓದಿಸಿ ನೋಡುತ್ತಿದ್ದರು. ಅಂಗಳದಲ್ಲಿ ಹಗೇವುಗಳಿದ್ದವು, ರೈತರಿಂದ ಬಂದ ಜೋಳ ಅಲ್ಲಿ ಇಳಿಯುತ್ತಿತ್ತು. ಹಿಂಬದಿಗೆ ಪಾಗಾ, ಅಂದರೆ ಕುದುರೆಗಳ ಲಾಯ. ಈ ಮೂರರ ನಂಟೇ ವಾಡೆಯ ಪ್ರಾಣ. ಪೇಶ್ವೆಯ ಸರಕಾರ ಒಬ್ಬ ಸರದಾರನಿಗೆ ಸರಂಜಾಮ ಕೊಡುವಾಗ ಇಷ್ಟು ಹಳ್ಳಿಗಳ ಉತ್ಪನ್ನ ನಿನ್ನದು, ಅದಕ್ಕೆ ಬದಲಾಗಿ ಇಷ್ಟು ಸವಾರರನ್ನು ಸಜ್ಜಾಗಿಟ್ಟು ಕರೆದಾಗ ಬರಬೇಕು ಎಂಬ ಕರಾರು ಇರುತ್ತಿತ್ತು. ಹಳ್ಳಿಯ ಜೋಳ ಲಾಯದ ಕುದುರೆಯಾಗಿ, ಲಾಯದ ಕುದುರೆ ಯುದ್ಧದ ಹಾಜರಿಯಾಗಿ, ಹಾಜರಿ ಮತ್ತೆ ಮುಂದಿನ ವರ್ಷದ ಸನದಿನ ಬಲವಾಗಿ ತಿರುಗುತ್ತಿತ್ತು. ಜಪಾನಿನ ಡೈಮ್ಯೊ ಒಡೆಯನ ಕೋಟೆಯೂ ಇಂಥದೇ ಲೆಕ್ಕದ ಮೇಲೆ ನಿಂತಿತ್ತು. ಅಲ್ಲಿ ಭೂಮಿಯ ಬೆಲೆಯನ್ನು ಕೊಕು ಎಂಬ ಅಕ್ಕಿಯ ಅಳತೆಯಲ್ಲಿ ಹೇಳುತ್ತಿದ್ದರು. ಒಂದು ಕೊಕು ಎಂದರೆ ಸುಮಾರು 180 ಲೀಟರು, ಒಬ್ಬ ಮನುಷ್ಯನ ವರ್ಷದ ಊಟ ಎಂಬುದು ರೂಢಿಯ ಲೆಕ್ಕ. ಹತ್ತು ಸಾವಿರ ಕೊಕು ಹುಟ್ಟುವಳಿ ಇದ್ದವನಿಗೆ ಡೈಮ್ಯೊ ಎಂಬ ಮಾನ. ಎಷ್ಟು ಕೊಕುವೋ ಅದಕ್ಕೆ ತಕ್ಕಷ್ಟು ಸೈನಿಕರನ್ನು ದೇಶ ಆಳುತ್ತಿದ್ದ ಟೋಕುಗಾವಾ ಶೋಗುನರಿಗೆ ಒದಗಿಸುವ ಹೊಣೆ. ಜೋಳದ ಸೀಮೆಯ ಸರದಾರನೂ ಅಕ್ಕಿಯ ದ್ವೀಪದ ಡೈಮ್ಯೊವೂ ಒಬ್ಬರನ್ನೊಬ್ಬರು ಕೇಳಿಯೂ ಅರಿಯರು. ಆದರೂ ಒಬ್ಬನ ದಫ್ತರ ಇನ್ನೊಬ್ಬನಿಗೆ ಕೊಟ್ಟಿದ್ದರೆ, ಲಿಪಿಯ ತೊಡಕು ಬಿಟ್ಟರೆ, ಕಾರಕೂನರಿಗೆ ಹೆಚ್ಚಿನ ಕಷ್ಟವಾಗುತ್ತಿರಲಿಲ್ಲ.

ಈ ಲೆಕ್ಕದ ಮೇಲೆ ಎದ್ದ ಮನೆಗಳಲ್ಲಿ ನಮ್ಮ ಸೀಮೆಯ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ನಿಪ್ಪಾಣಿಯದು. ಸಿದ್ದೋಜಿರಾವ್ ನಾಯಕ ನಿಂಬಾಳಕರ, ಜನರ ಬಾಯಲ್ಲಿ ಅಪ್ಪಾ ದೇಸಾಯಿ, ಎರಡನೆಯ ಬಾಜೀರಾಯನ ಕಾಲದಲ್ಲಿ ಸರಲಷ್ಕರ ಎಂಬ ಪದವಿ ಪಡೆದು ನಿಪ್ಪಾಣಿಯ ಬಯಲುಕೋಟೆಯಲ್ಲಿ ನೆಲೆನಿಂತವನು. ಅವನ ಏರಿಕೆ ನಡೆದದ್ದೆಲ್ಲ ಕುದುರೆಯ ಮೇಲೆಯೇ. 1803ರ ಮರಾಠಾ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿಯ ಜೊತೆ ಪೇಶ್ವೆಯ ಪಕ್ಷದಿಂದ ಉತ್ತರಕ್ಕೆ ಹೋದ ದಂಡಿನಲ್ಲಿ ಎದ್ದು ಕಾಣುವ ಹೆಸರುಗಳು ಎರಡು: ಒಬ್ಬ ಬಾಪೂ ಗೋಖಲೆ, ಇನ್ನೊಬ್ಬ ಈ ಅಪ್ಪಾ ದೇಸಾಯಿ. ಮುಂದೆ ನೆಪೋಲಿಯನ್ನನನ್ನು ವಾಟರ್ಲೂದಲ್ಲಿ ಸೋಲಿಸಿದ ಸೇನಾನಿಯ ಪತ್ರವ್ಯವಹಾರದಲ್ಲಿ ನಿಪ್ಪಾಣಿಯ ದೇಸಾಯಿಯ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಮರಳಿ ಬಂದ ಮೇಲೆ ದೇಸಾಯಿಯ ಕಣ್ಣು ಕೊಲ್ಹಾಪುರದ ಕಡೆ ತಿರುಗಿತು. ಚಿಕ್ಕೋಡಿ ಮತ್ತು ಮನ್ನೋಳಿ (ಇಂದಿನ ಮುನವಳ್ಳಿ) ಪರಗಣೆಗಳಿಗಾಗಿ ಎರಡು ಮನೆಗಳ ನಡುವೆ ವರ್ಷಗಟ್ಟಲೆ ಕಾದಾಟ ನಡೆಯಿತು. 1808ರಲ್ಲಿ ಕಾಗಲದ ಹತ್ತಿರದ ಸಾವಗಾವದಲ್ಲಿ ಕೊಲ್ಹಾಪುರದ ದಂಡು ಸೋತಿತು. ನಡುವೆ ಮದುವೆಯ ಸಂಬಂಧವೂ ಬೆಳೆಯಿತು, ಆದರೆ ಬೀಗತನ ಗಡಿಯನ್ನು ಬಿಡಿಸಲಿಲ್ಲ.

ಚಿಕ್ಕೋಡಿಯ ಒಡೆತನ ಆ ಇಪ್ಪತ್ತು ವರ್ಷಗಳಲ್ಲಿ ಕೈಬದಲಾದ ಬಗೆಯನ್ನು ಸ್ವಲ್ಪ ನಿಂತು ನೋಡಬೇಕು. 1812ರ ಒಪ್ಪಂದದಲ್ಲಿ ಕೊಲ್ಹಾಪುರ ಚಿಕ್ಕೋಡಿ–ಮನ್ನೋಳಿಗಳ ಮೇಲಿನ ಹಕ್ಕು ಬಿಟ್ಟಿತು. 1818ರಲ್ಲಿ ಪೇಶ್ವೆಯ ರಾಜ್ಯ ಮುಗಿದಾಗ ಥಾಮಸ್ ಮನ್ರೋ ಅವೇ ಪರಗಣೆಗಳನ್ನು ನಿಪ್ಪಾಣಿಯಿಂದ ಕಿತ್ತು, ಕಂಪನಿಗೆ ನೆರವಾದದ್ದಕ್ಕೆ ಪ್ರತಿಯಾಗಿ ಕೊಲ್ಹಾಪುರಕ್ಕೆ ಕೊಟ್ಟ. ಕೊಲ್ಹಾಪುರದ ಅರಸನ ಜೊತೆ ಜಗಳವಾದ ಮೇಲೆ, 1827ರ ಒಪ್ಪಂದ 1829ರಲ್ಲಿ ಗಟ್ಟಿಯಾದಾಗ, ಕಂಪನಿ ಅವನ್ನು ತಾನೇ ಇಟ್ಟುಕೊಂಡಿತು. ಇಷ್ಟು ಸಲ ಒಡೆಯರು ಬದಲಾದರೂ 1818ರ ನಂತರ ಚಿಕ್ಕೋಡಿಗಾಗಿ ದೊಡ್ಡ ಯುದ್ಧವೊಂದೂ ನಡೆಯಲಿಲ್ಲ. ಎಲ್ಲವೂ ಕಾಗದದ ಮೇಲೆ ಆಯಿತು. ಅದಕ್ಕೂ ಹಿಂದೆ ಒಂದು ಪರಗಣೆ ಕೈಬದಲಾಗಬೇಕಾದರೆ ಯಾರದೋ ಲಾಯದಿಂದ ಕುದುರೆಗಳು ಹೊರಡಬೇಕಿತ್ತು. ಈಗ ಬೆಳಗಾವಿಯಲ್ಲಿ ಕಂಪನಿಯ ದಂಡು ಕಾಯಂ ಆಗಿ ಬೀಡುಬಿಟ್ಟಿತ್ತು. ಸೀಮೆಯ ಕಾವಲು ಅದರ ಜವಾಬ್ದಾರಿ. ಸರದಾರನ ಸವಾರರು ಯಾರಿಗೂ ಬೇಡವಾದರು. ಸನದಿನಲ್ಲಿ ಸರಂಜಾಮದ ಹಳ್ಳಿಗಳು ಉಳಿದವು, ಅವುಗಳಿಗೆ ಎದುರಾಗಿ ಸಲ್ಲಿಸಬೇಕಾದ ಸೇವೆ ಮಾಯವಾಯಿತು. ಸೇವೆ ಇಲ್ಲದ ಹಕ್ಕು ಹೆಚ್ಚು ದಿನ ನಿಲ್ಲುವುದಿಲ್ಲವೆಂದು ಕಂಪನಿಯ ಅಧಿಕಾರಿಗಳಿಗೆ ಹೊಳೆಯಲು ತಡವಾಗಲಿಲ್ಲ. 1839ರಲ್ಲಿ ಸಿದ್ದೋಜಿರಾವ್ ತೀರಿಕೊಂಡಾಗ ಮಾನ್ಯವಾದ ವಾರಸನಿಲ್ಲ ಎಂದು ಹೇಳಿ ದೇಸಗತಿಯನ್ನು ಖಾಲಸಾ ಮಾಡಿದರು, ಅಂದರೆ ಸರಕಾರಕ್ಕೆ ಸೇರಿಸಿಕೊಂಡರು. ಅವನ ಕೈಯಲ್ಲಿದ್ದ ಅಥಣಿಯೂ ಅದೇ ವರ್ಷ ಕಂಪನಿಗೆ ಹೋಯಿತು.

ವಾರಸನಿಲ್ಲದ ಸಂಸ್ಥಾನ ನುಂಗುವ ನೀತಿಯನ್ನು ನಮ್ಮ ಪಠ್ಯಪುಸ್ತಕಗಳು ಡಾಲ್‌ಹೌಸಿಯ ಹೆಸರಿಗೆ ಬರೆದು ಕೈತೊಳೆದುಕೊಳ್ಳುತ್ತವೆ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಅವನಿಗಿಂತ ಒಂಬತ್ತು ವರ್ಷ ಮುಂಚೆ ನಿಪ್ಪಾಣಿ ಹೋಗಿತ್ತು, ಇಪ್ಪತ್ತನಾಲ್ಕು ವರ್ಷ ಮುಂಚೆ ಕಿತ್ತೂರಿನಲ್ಲಿ ಇದೇ ದತ್ತಕದ ತಕರಾರಿನಿಂದ ಕಂಪನಿಯ ಅಧಿಕಾರಿ ಥ್ಯಾಕರೆಯ ಹೆಣ ಬಿದ್ದಿತ್ತು. ಕಿತ್ತೂರಿನ ಹೆಸರು ನಾಡಿಗೆಲ್ಲ ಗೊತ್ತು, ಗೊತ್ತಿರಬೇಕಾದದ್ದೇ. ನಿಪ್ಪಾಣಿಯ ಹೆಸರು ಹಾಗೆ ಹಬ್ಬಲಿಲ್ಲ, ಅಲ್ಲಿಯೂ ಬಂಡಾಯವೊಂದು ಎದ್ದಿತ್ತಾದರೂ. 1841ರಲ್ಲಿ ಅರಬ ಸಿಪಾಯಿಗಳ ತಂಡವೊಂದು ನಿಪ್ಪಾಣಿಯ ಕೋಟೆಯನ್ನು ಹಿಡಿಯಿತು, ಬೆಳಗಾವಿಯಿಂದ ಬಂದ ದಂಡು ಅದನ್ನು ಬಿಡಿಸಿಕೊಂಡಿತು. ಕೋಟೆ ಮುರಿದದ್ದು ಈ ದಂಡಿನ ಫಿರಂಗಿಯಿಂದಲೇ ಅಲ್ಲವೇ ಎಂದು ಕೇಳಬಹುದು. ಕಾಲಕ್ರಮದಲ್ಲಿ ಹೌದು, ಕಾರಣದಲ್ಲಿ ಅಲ್ಲ. ಸಂಬಳಕ್ಕೆ ದುಡಿಯುವ ಅರಬ ಸಿಪಾಯಿಗಳು ಆಗಿನ ದಖ್ಖನಿನ ಎಲ್ಲ ಸರದಾರರ ಬಾಗಿಲಲ್ಲೂ ಇದ್ದವರು. ಸರದಾರಿಕೆ ಮುಳುಗಿದರೆ ಮೊದಲು ಬೀದಿಗೆ ಬೀಳುವವರು ಅವರೇ. ಎರಡು ವರ್ಷ ಒಡೆಯನಿಲ್ಲದೆ, ಕೆಲಸವಿಲ್ಲದೆ ಬಿದ್ದಿದ್ದ ಕೋಟೆಯನ್ನು ಕೆಲಸ ಕಳೆದುಕೊಂಡ ಬಗೆಯ ಸಿಪಾಯಿಗಳೇ ಹಿಡಿದರು ಎಂಬುದು ಆಕಸ್ಮಿಕವಾಗಿ ಕಾಣುವುದಿಲ್ಲ. ಮೂರು ವರ್ಷ ಕಳೆಯುವುದರೊಳಗೆ ನೆರೆಯ ಸಾಮಾನಗಡದಲ್ಲಿ ಇದೇ ಕಥೆ ಇನ್ನೂ ದೊಡ್ಡದಾಗಿ ನಡೆಯಿತು. ಕೋಟೆ ಕಾಯುವುದಕ್ಕಾಗಿ ತಲೆಮಾರುಗಳಿಂದ ಜಮೀನು ಉಂಡುಕೊಂಡು ಬಂದಿದ್ದ ಗಡಕರಿಗಳ ಹೊಲಗಳ ಮೇಲೆ ಕೊಲ್ಹಾಪುರದ ಕಾರಭಾರಿ ಕೈಹಾಕಿದಾಗ, 1844ರಲ್ಲಿ, ಅವರು ಬಾಗಿಲು ಮುಚ್ಚಿ ದಂಗೆಯೆದ್ದರು. ಅವರು ಕೇಳಿದ್ದು ಸ್ವರಾಜ್ಯವನ್ನಲ್ಲ, ತಮ್ಮ ಕಾವಲಿನ ಕೆಲಸ ಮತ್ತು ಅದರ ಹೊಲ. ದಂಗೆ ಅಡಗಿದ ಮೇಲೆ ಕೊಲ್ಹಾಪುರದ ಕೋಟೆಗಳನ್ನು ಒಂದೊಂದಾಗಿ ನಿಷ್ಪ್ರಯೋಜಕ ಮಾಡಿದರು.

ಇಲ್ಲಿಗೆ ಮೊದಲ ಆಕ್ಷೇಪ. ನಮ್ಮ ವಾಡೆಗಳು ಹಾಳಾದದ್ದಕ್ಕೆ ಇಷ್ಟೊಂದು ಇತಿಹಾಸ ಯಾಕೆ, ಮಣ್ಣು ಗೋಡೆ, ಸಾಗವಾನಿ ತೊಲೆ, ಮಾಳಿಗೆಯ ಮೇಲ್ಮುದ್ದೆ, ನಾಲ್ಕು ಮಳೆಗಾಲ ಕೈಬಿಟ್ಟರೆ ಯಾವ ಮನೆ ನಿಂತೀತು ಎಂದು ಇಂಜಿನಿಯರುಗಳು ಕೇಳುತ್ತಾರೆ. ಕೈಬಿಟ್ಟರೆ ಎಂಬ ಮಾತಿನಲ್ಲೇ ಉತ್ತರವಿದೆ. ಹಿಮೇಜಿಯ ಈಗಿನ ಮುಖ್ಯ ಗೋಪುರ ಮುಗಿದದ್ದು 1609ರಲ್ಲಿ. ಅಡಿಪಾಯ ಕಲ್ಲಿನದು, ಮೇಲಿನದೆಲ್ಲ ಮರ ಮತ್ತು ಗಾರೆ. ಭೂಕಂಪ, ಬಿರುಗಾಳಿ, ಬೆಂಕಿಗಳ ನಾಡಿನಲ್ಲಿ ಅದು ನಮ್ಮ ಕರಿಮಣ್ಣಿನ ವಾಡೆಗಿಂತ ಗಟ್ಟಿ ಎನ್ನುವುದು ಸಾಧ್ಯವಿಲ್ಲ. ಅದು ಉಳಿದದ್ದು ದುರಸ್ತಿಯಿಂದ. ದುರಸ್ತಿ ಆದದ್ದು ಅದನ್ನು ಬಳಸುವವರು ಇದ್ದದ್ದರಿಂದ. ಜಪಾನೀಯರು ತಮ್ಮ ಕೋಟೆಗಳನ್ನೆಲ್ಲ ಎದೆಗಪ್ಪಿಕೊಂಡು ಉಳಿಸಿದರು ಎಂಬುದು ಪ್ರವಾಸಿ ಕಟ್ಟಿದ ಕಥೆ. ಸೀಮೆಗೊಂದೇ ಕೋಟೆ ಇರಲಿ, ಮಿಕ್ಕದ್ದು ಕೆಡವಿ ಎಂದು ಟೋಕುಗಾವಾ ಸರಕಾರ ಆಜ್ಞೆ ಮಾಡಿದ್ದು 1615ರಲ್ಲೇ. 1871ರಲ್ಲಿ ಮೇಜಿ ಸರಕಾರ ಡೈಮ್ಯೊ ಸಂಸ್ಥಾನಗಳನ್ನೇ ರದ್ದು ಮಾಡಿತು. 1873ರಲ್ಲಿ ದೇಶದ ಕೋಟೆಗಳನ್ನು ಎರಡು ಪಟ್ಟಿ ಮಾಡಿ, ಸೈನ್ಯಕ್ಕೆ ಬೇಕಾದವನ್ನು ಇಟ್ಟುಕೊಂಡು ಉಳಿದವನ್ನು ವಿಲೇವಾರಿಗೆ ಬಿಟ್ಟಿತು. ಕಂದಕಗಳು ತುಂಬಿದವು, ತೊಲೆಗಳು ಹರಾಜಾದವು. ಹಳೆಯ ಮುಖ್ಯ ಗೋಪುರ ಇಂದಿಗೂ ನಿಂತಿರುವ ಕೋಟೆಗಳು ಇಡೀ ಜಪಾನಿನಲ್ಲಿ ಹನ್ನೆರಡೇ. ಒಸಾಕಾದಲ್ಲಿ ಪ್ರವಾಸಿಗಳು ಫೋಟೋ ತೆಗೆಸಿಕೊಳ್ಳುವ ಗೋಪುರ 1931ರ ಕಾಂಕ್ರೀಟು.

ಆ ಹನ್ನೆರಡರಲ್ಲಿ ಮೂರು ಕೋಟೆಗಳು ಉಳಿದ ಬಗೆ ನಮ್ಮ ವಾದಕ್ಕೆ ನೇರವಾಗಿ ಸಾಕ್ಷಿ ಹೇಳುತ್ತದೆ. ಹಿಮೇಜಿ ಸೈನ್ಯದ ಪಾಳ್ಯವಾಯಿತು, 1878ರಲ್ಲಿ ನಾಕಾಮುರಾ ಶಿಗೆಟೊ ಎಂಬ ಸೇನಾಧಿಕಾರಿ ದುರಸ್ತಿಗೆ ಮನವಿ ಕೊಟ್ಟ. ಮತ್ಸುಮೊಟೊ ಕೋಟೆ ಹರಾಜಾಗಿ ಕೆಡವಲು ಸಿದ್ಧವಾಗಿದ್ದಾಗ ಇಚಿಕಾವಾ ರ‍್ಯೊಜೊ ಎಂಬ ಊರಿನ ಮುಂದಾಳು ಗೋಪುರದೊಳಗೇ ವಸ್ತುಪ್ರದರ್ಶನಗಳನ್ನು ಏರ್ಪಡಿಸಿ, ಬಂದ ದುಡ್ಡಿನಿಂದ ಅದನ್ನು ಬಿಡಿಸಿಕೊಂಡ. ಇನುಯಾಮಾ ಕೋಟೆಯದಂತೂ ನಮ್ಮ ದೇಸಗತಿಯವರು ಕೇಳಿದರೆ ಹೊಟ್ಟೆಕಿಚ್ಚು ಪಡಬೇಕಾದ ಕಥೆ: 1891ರ ಭೂಕಂಪದಲ್ಲಿ ಜಖಂಗೊಂಡ ಕೋಟೆಯನ್ನು ಸರಕಾರ 1895ರಲ್ಲಿ ಹಳೆಯ ಒಡೆಯರಾದ ನರುಸೆ ಮನೆತನಕ್ಕೇ ಮರಳಿ ಕೊಟ್ಟಿತು, ದುರಸ್ತಿ ನೀವೇ ಮಾಡಬೇಕೆಂಬ ಕರಾರಿನ ಮೇಲೆ. ಆ ಮನೆತನ 2004ರವರೆಗೆ ಅದನ್ನು ಸ್ವಂತವಾಗಿ ನಡೆಸಿತು. ಒಂದು ಕಡೆ ಪಾಳ್ಯ, ಒಂದು ಕಡೆ ಪ್ರದರ್ಶನ, ಇನ್ನೊಂದು ಕಡೆ ಕರಾರಿನ ಹೊಣೆ. ಅಭಿಮಾನ ಇರಲಿಲ್ಲವೆಂದಲ್ಲ, ಅಭಿಮಾನಕ್ಕೆ ನಿಲ್ಲಲು ನೆಲ ಸಿಕ್ಕಿದ್ದು ಕೆಲಸದಿಂದ.

ನಮ್ಮ ಸೀಮೆಗೆ ಮರಳೋಣ. ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಎಲ್ಲವನ್ನೂ ಕೆಲಸ, ಕೆಲಸ ಎಂದರೆ ಬ್ರಿಟಿಷರ ದುರಾಸೆಯನ್ನು ಮರೆಸಿದಂತಾಗಲಿಲ್ಲವೇ? ವಾರಸನ ನೆಪ ಹೂಡಿ ನುಂಗಿದರು, ಅಷ್ಟೇ. ಈ ಮಾತಿಗೆ ಪುರಾವೆಯಾಗಿ ಕಾಗವಾಡದ ಕಡೆ ತೋರಿಸಬಹುದು. ಪಟವರ್ಧನರ ಕುರುಂದವಾಡ ಶಾಖೆ 1811ರಲ್ಲಿ ಪಾಲಾದಾಗ ಆ ಕಡೆಯ ಶೇಡಬಾಳ ಬೇರೆಯಾಯಿತು. 1857ರಲ್ಲಿ ವಾರಸನಿಲ್ಲವೆಂದು ಅದು ಕಂಪನಿಗೆ ಸೇರಿತು. ಅದೇ ರಕ್ತದ ಸಾಂಗಲಿ, ಮೀರಜ, ಜಮಖಂಡಿಗಳು 1948ರವರೆಗೆ ಗಾದಿ ನಡೆಸಿದವು. ಮಕ್ಕಳಾದವರು ಉಳಿದರು, ಆಗದವರು ಮುಳುಗಿದರು; ಐದು ವರ್ಷ ತಡೆದಿದ್ದರೆ, 1862ರ ಸುಮಾರಿಗೆ ಬ್ರಿಟಿಷರು ದತ್ತಕದ ಸನದುಗಳನ್ನು ಹಂಚಿದಾಗ, ಶೇಡಬಾಳವೂ ಬದುಕುತ್ತಿತ್ತೇನೋ. ಇಷ್ಟನ್ನೂ ಒಪ್ಪಬೇಕು. ಸಂಸ್ಥಾನ ಉಳಿಯುವುದು, ಅಳಿಯುವುದು ನಿಜವಾಗಿಯೂ ಹುಟ್ಟು ಸಾವಿನ ಜೂಜಾಗಿತ್ತು, ದಾಳ ಉರುಳಿಸುವ ಕೈ ಕಂಪನಿಯದಾಗಿತ್ತು. ಆದರೆ ಸಂಸ್ಥಾನದ ಸಾವು ಬೇರೆ, ಕಟ್ಟಡದ ಸಾವು ಬೇರೆ. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ನಮ್ಮ ಸ್ಥಳೀಯ ಇತಿಹಾಸಗಳು ಕೊನೆಯ ದೇಸಾಯಿಯ ತಿಥಿಯೊಂದಿಗೆ ಮುಗಿದುಬಿಡುತ್ತವೆ. ಒಡೆಯನಿಲ್ಲದ ಎಷ್ಟೋ ಗಢಿಗಳು ಮಾಮಲೇದಾರರ ಕಚೇರಿಯಾಗಿ, ಠಾಣೆಯಾಗಿ, ಶಾಲೆಯಾಗಿ ಬಾಳಿದ್ದನ್ನು ಉತ್ತರ ಕರ್ನಾಟಕದ ಯಾವ ಜಿಲ್ಲೆಯಲ್ಲಿಯೂ ಕಾಣಬಹುದು. ಗಾದಿಯಿದ್ದೂ ಬಾವಲಿ ತುಂಬಿಕೊಂಡ ಅರಮನೆಗಳೂ ಸಾಕಷ್ಟಿವೆ.

ರಾಯಬಾಗ ಈ ವ್ಯತ್ಯಾಸವನ್ನು ಇನ್ನೊಂದು ಮಗ್ಗುಲಿನಿಂದ ತೋರಿಸುತ್ತದೆ. ಹದಿನೇಳನೆಯ ಶತಮಾನದಲ್ಲಿ ಅದು ಬಿಜಾಪುರದ ಸರದಾರ ರುಸ್ತುಮ್-ಎ-ಜಮಾನನ ಜಹಗೀರಿ. 1659ರ ಕೊನೆಗೆ ಕೊಲ್ಹಾಪುರದ ಹತ್ತಿರ ಶಿವಾಜಿಯ ಎದುರು ಸೋತವನು ಇವನೇ. ಮೆಣಸು, ಬಟ್ಟೆಗಳು ಘಟ್ಟ ಇಳಿದು ಕರಾವಳಿಯ ಬಂದರುಗಳಿಗೆ ಹೋಗುವ ದಾರಿಯ ಪೇಟೆಯಾಗಿದ್ದದ್ದರಿಂದ ಆ ಊರಿಗೆ ಹೆಸರಿತ್ತು. ಆಮೇಲೆ ಅದು ಕೊಲ್ಹಾಪುರದ ಕೈಗೆ ಬಂದು, ಸುತ್ತಲೂ ಬ್ರಿಟಿಷ್ ಸೀಮೆಯಿದ್ದರೂ ಸಂಸ್ಥಾನದ ನಡುಗಡ್ಡೆಯಂತೆ 1949ರವರೆಗೆ ಉಳಿಯಿತು. ಅಂದರೆ ಶಾಹೂ ಮಹಾರಾಜರು 1902ರಲ್ಲಿ ಸರಕಾರಿ ನೌಕರಿಗಳಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗೆ ಕಾಯ್ದಿರಿಸಿದಾಗ, ಇಂದಿನ ಕರ್ನಾಟಕದ ನೆಲದಲ್ಲಿ ಆ ಆಜ್ಞೆ ಅನ್ವಯಿಸಿದ ಕೆಲವೇ ಊರುಗಳಲ್ಲಿ ರಾಯಬಾಗವೂ ಒಂದು. ರಾಯಬಾಗದ ನೆನಪಿನಲ್ಲಿ ಸರದಾರನ ವಾಡೆಗಿಂತ ಮಹಾಲಿನ ಕಚೇರಿ ದೊಡ್ಡದಾಗಿರುವುದು ಇದರಿಂದಲೇ. ಅಥಣಿಯದು ಇನ್ನೂ ಬೇರೆ ಹಾದಿ. 1679ರಲ್ಲಿ ಮೊಗಲ ಸೇನಾನಿ ದಿಲೇರಖಾನ ಅದನ್ನು ಲೂಟಿ ಮಾಡಿದ. ಆ ದಿನಗಳಲ್ಲೇ ಅವನ ಪಾಳೆಯದಲ್ಲಿದ್ದ ಸಂಭಾಜಿ ಬೇಸತ್ತು ಅಲ್ಲಿಂದ ಪಾರಾಗಿ ಪನ್ಹಾಳಕ್ಕೆ ಮರಳಿದ. 1731ರ ವಾರಣಾ ಒಪ್ಪಂದದಲ್ಲಿ ಕೊಲ್ಹಾಪುರ ಬಿಟ್ಟುಕೊಟ್ಟ ಊರುಗಳಲ್ಲಿ ಮೀರಜ, ತಾಸಗಾವಗಳ ಜೊತೆ ಅಥಣಿಯ ಹೆಸರಿದೆ. ಲೂಟಿಗೆ ಯೋಗ್ಯ, ಒಪ್ಪಂದದಲ್ಲಿ ಹೆಸರಿಸಲು ಯೋಗ್ಯ ಎಂದರೆ ಪೇಟೆ ಬಲವಾಗಿತ್ತು ಎಂದರ್ಥ. ಕೋಟೆ ಅದಕ್ಕೆ ಮುಖ್ಯವಾಗಲಿಲ್ಲ. ವ್ಯಾಪಾರಿಗಳು, ಚಮ್ಮಾರರು, ಮಠಗಳು ಊರನ್ನು ನಡೆಸಿದವು. ಇಂದು ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಲೋಕಕ್ಕೆ ಹೋಗುವ ಚಪ್ಪಲಿಗಳಲ್ಲಿ ಅಥಣಿಯ ಹೊಲಿಗೆ ಎಷ್ಟಿದೆ ಎಂಬುದು ಆ ಕಡೆಯವರಿಗೆ ಹೇಳಿಕೊಡಬೇಕಾದದ್ದಲ್ಲ.

ಈಗ ಅಂಕಲಿ. ಚಿಕ್ಕೋಡಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಗೆ ಹತ್ತಿರದ ಈ ಊರು ಶಿತೋಳೆ ಸರದಾರರದು. ಪುಣೆಯ ದೇಶಮುಖಿಯ ಹಕ್ಕಿದ್ದ ಈ ಮನೆತನ ಗ್ವಾಲಿಯರದ ಸಿಂಧ್ಯರಿಗೆ ಬೀಗರು. ಮಹಾದಜಿ ಸಿಂಧ್ಯನ ಮಗಳು ಬಾಳಾಬಾಯಿಯನ್ನು ಮದುವೆಯಾದವನು ಲಾಡೋಜಿರಾವ್ ಶಿತೋಳೆ. ಸಿಂಧ್ಯರ ಸರದಾರರ ಪ್ರತಿಷ್ಠೆಯೆಲ್ಲ ಕುದುರೆಯ ಮೇಲೆ ನಿಂತಿತ್ತು. 1818ರ ನಂತರ ಆ ಕುದುರೆಗೂ ನಿಪ್ಪಾಣಿಯ ಕುದುರೆಗೆ ಬಂದ ಗತಿಯೇ ಬರಬೇಕಾಗಿತ್ತು. ಬರಲಿಲ್ಲ. ಸಾತಾರೆಯ ಕಡೆಯ ಆರಫಳದ ಹೈಬತರಾವ್ ಬಾಬಾ ಎಂಬ ವಾರಕರಿ, ಅಂದರೆ ಪಂಢರಪುರದ ವಿಠ್ಠಲನ ಯಾತ್ರಿಕ ಭಕ್ತ, ತಾನೂ ಸಿಂಧ್ಯರ ಸೇವೆಯಲ್ಲಿದ್ದವನು, 1832ರ ಸುಮಾರಿಗೆ ಆಳಂದಿಯಿಂದ ಪಂಢರಪುರಕ್ಕೆ ಸಂತ ಜ್ಞಾನೇಶ್ವರರ ಪಾದುಕೆಗಳನ್ನು ಪಲ್ಲಕ್ಕಿಯಲ್ಲಿಟ್ಟು ದಂಡಿನ ಶಿಸ್ತಿನಲ್ಲಿ ಕರೆದೊಯ್ಯುವ ಪದ್ಧತಿ ಹಾಕಿದ. ಅದಕ್ಕೆ ಕುದುರೆ, ಡೇರೆ, ನೈವೇದ್ಯಗಳ ಏರ್ಪಾಡನ್ನು ಶಿತೋಳೆ ಸರಕಾರ ಹೊತ್ತಿತು. ದಂಡಿನಲ್ಲಿ ಪಳಗಿದವನ ಬುದ್ಧಿ ಆ ಮೆರವಣಿಗೆಯ ಹೆಜ್ಜೆಹೆಜ್ಜೆಯಲ್ಲೂ ಕಾಣುತ್ತದೆ. ದಿಂಡಿಗಳಿಗೆ (ವಾರಕರಿಗಳ ತಂಡಗಳಿಗೆ) ಕ್ರಮಸಂಖ್ಯೆ, ಪಲ್ಲಕ್ಕಿಯ ಮುಂದೆ ಯಾರು, ಹಿಂದೆ ಯಾರು ಎಂಬುದಕ್ಕೆ ಕಟ್ಟು, ಮುಕ್ಕಾಮಿಗೆ ಮೊದಲೇ ಡೇರೆ. ಎರಡು ಕುದುರೆಗಳು: ಒಂದರ ಮೇಲೆ ಜರಿಪಟಕಾ ಎಂಬ ಧ್ವಜ ಹಿಡಿದ ಸವಾರ, ಇನ್ನೊಂದು ಖಾಲಿ ಬೆನ್ನಿನದು. ಅದರ ಮೇಲೆ ಮಾವುಲಿಯೇ, ಅಂದರೆ ಜ್ಞಾನೇಶ್ವರರೇ, ಕೂತಿದ್ದಾರೆಂದು ವಾರಕರಿಗಳ ನಂಬಿಕೆ. ದಾರಿಯ ಬಯಲುಗಳಲ್ಲಿ ರಿಂಗಣ ನಡೆದಾಗ ಈ ಎರಡೂ ಕುದುರೆಗಳು ಭಕ್ತರ ನಡುವಿನ ವೃತ್ತದಲ್ಲಿ ಓಡುತ್ತವೆ, ಗೊರಸಿನ ಅಡಿಯ ಮಣ್ಣಿಗೆ ಜನ ಮುಗಿಬೀಳುತ್ತಾರೆ.

ಇಂದಿಗೂ ಪಂಢರಪುರದ ಆಷಾಢ ವಾರಿಗೆ ಮುಂಚೆ ಅಂಕಲಿಯ ವಾಡೆಯಿಂದ ಪೂಜೆ ಮಾಡಿಸಿಕೊಂಡು ಕುದುರೆಗಳು ಹೊರಡುತ್ತವೆ. ಮೀರಜ, ಸಾಂಗಲಿ, ಸಾತಾರೆಗಳ ದಾರಿಯಲ್ಲಿ ಸುಮಾರು ಮುನ್ನೂರು ಕಿಲೋಮೀಟರು ನಡೆದೇ ಆಳಂದಿ ಮುಟ್ಟುತ್ತವೆ. ಅವು ಬಂದ ಮೇಲೆ ಪಲ್ಲಕ್ಕಿಯ ಪ್ರಸ್ಥಾನ. ಪಾಗಾ ಇದ್ದ ಸರದಾರನೊಬ್ಬ ತನ್ನ ಕುದುರೆಗೆ ಯುದ್ಧದ ಬದಲು ಇನ್ನೊಂದು ಕೆಲಸ ಹುಡುಕಿದ, ಅದೂ ಯುದ್ಧ ನಿಂತ ಹದಿನೈದು ವರ್ಷಗಳೊಳಗೆ. ಕರೆ ಬಂದಾಗ ಇಷ್ಟು ಕುದುರೆ ಸಜ್ಜಾಗಿ ಹಾಜರಾಗಬೇಕು ಎಂಬ ಸರಂಜಾಮದ ಕರಾರು ಹಾಗೆಯೇ ಉಳಿಯಿತು, ಕರೆಯುವವನು ಬದಲಾದ. ಪೇಶ್ವೆಯ ಜಾಗದಲ್ಲಿ ವಿಠ್ಠಲ ಬಂದ ಎಂದು ವಾರಕರಿಗಳು ಹೇಳಿದರೆ ಅದು ಭಕ್ತಿಯ ಮಾತು; ಇತಿಹಾಸದ ಮಾತಾಗಿಯೂ ಅದನ್ನು ಒಪ್ಪಲು ಅಡ್ಡಿಯಿಲ್ಲ. ಈ ಕೆಲಸವನ್ನು ಕಂಪನಿ ಖಾಲಸಾ ಮಾಡುವಂತಿರಲಿಲ್ಲ, ಯಾಕೆಂದರೆ ಅದರ ಸನದನ್ನು ಕಂಪನಿ ಕೊಟ್ಟಿರಲಿಲ್ಲ. 1956ರ ರಾಜ್ಯ ಮರುವಿಂಗಡಣೆಯೂ ಅದನ್ನು ತಡೆಯಲಿಲ್ಲ. ಗಡಿ ತಕರಾರು ಬಿಸಿಯೇರಿ ಬಸ್ಸುಗಳು ನಿಂತ ವರ್ಷಗಳೂ ಬಂದುಹೋದವು, ಕರ್ನಾಟಕದ ವಾಡೆಯ ಕುದುರೆಯೇ ಮಹಾರಾಷ್ಟ್ರದ ಎಲ್ಲಕ್ಕಿಂತ ದೊಡ್ಡ ಯಾತ್ರೆಗೆ ಮುಂದಾಳಾಗಿ ಉಳಿಯಿತು.

ಅಂಕಲಿಯದು ಒಂದು ಅಪವಾದ, ಅದರ ಮೇಲೆ ವಾದ ಕಟ್ಟಬಾರದು ಎನ್ನುವವರಿಗೆ ನಿಪ್ಪಾಣಿಯನ್ನೇ ಮತ್ತೆ ತೋರಿಸಬೇಕಾಗುತ್ತದೆ. ಅಲ್ಲಿ ಕೋಟೆ ಹೋಯಿತು, ಊರು ಹೋಗಲಿಲ್ಲ. ಪುಣೆ–ಬೆಂಗಳೂರು ದಾರಿಯ ಮೇಲಿದ್ದ ಪೇಟೆ ಬೀಡಿ ತಂಬಾಕಿನ ದೊಡ್ಡ ಮಾರುಕಟ್ಟೆಯಾಗಿ ಬೆಳೆಯಿತು; ಊರಿಗೆ ಹೊಸ ಒಡೆಯರು ಹುಟ್ಟಿದರು, ಅವರಿಗೆ ಬೇಕಾದದ್ದು ಬುರುಜಲ್ಲ, ವಖಾರಿ. ಇಲ್ಲಿ ಮೂರನೆಯ ಆಕ್ಷೇಪ ಎದುರಾಗುತ್ತದೆ, ಅದು ನ್ಯಾಯವಾದದ್ದೇ. ದೇಸಾಯರ ವಾಡೆ ಹಾಳಾದರೆ ಬಡವನಿಗೇನು ನಷ್ಟ? ಬಿಟ್ಟಿ ದುಡಿದವರು, ಬಾಗಿಲ ಹೊರಗೆ ನಿಂತವರು ಅದರ ಗೋಡೆಗೆ ಯಾಕೆ ಸುಣ್ಣ ಬಳಿಯಬೇಕು? ನಿಪ್ಪಾಣಿಯ ಆಮೇಲಿನ ಇತಿಹಾಸ ಈ ಪ್ರಶ್ನೆಯನ್ನು ಬೀದಿಯಲ್ಲೇ ಕೇಳಿತು. 1925ರಲ್ಲಿ ಅಂಬೇಡ್ಕರ್ ಅವರ ಅಧ್ಯಕ್ಷತೆಯಲ್ಲಿ ಮುಂಬಯಿ ಪ್ರಾಂತದ ಅಸ್ಪೃಶ್ಯರ ಪರಿಷತ್ತು ಸೇರಿದ್ದು ಈ ಊರಿನಲ್ಲಿ. ವಖಾರಿಗಳಲ್ಲಿ ತಂಬಾಕಿನ ಘಾಟು ಕುಡಿಯುತ್ತ ದುಡಿದ ಹೆಂಗಸರು ಸಂಘ ಕಟ್ಟಿ ಕೂಲಿಗಾಗಿ ನಿಂತದ್ದೂ ಇಲ್ಲಿಯೇ. 1981ರಲ್ಲಿ ಶರದ್ ಜೋಶಿಯವರ ಮುಂದಾಳತನದಲ್ಲಿ ತಂಬಾಕು ಬೆಳೆಗಾರರು ಹೆದ್ದಾರಿಯ ಮೇಲೆಯೇ ಬೀಡುಬಿಟ್ಟರು. ಅದು ಪೊಲೀಸರ ಗೋಲಿಬಾರಿಗೆ ಹೋಗಿ ರೈತರ ಜೀವ ಬಲಿಯಾಯಿತು. ಇಂಥ ಊರಿನಲ್ಲಿ ಸರಲಷ್ಕರನ ವೈಭವದ ಬೊಂಬೆಮನೆ ಕಟ್ಟಿದರೆ ಜನ ತಿರುಗಿ ನೋಡದಿದ್ದರೆ ತಪ್ಪೇನೂ ಇಲ್ಲ. ಹಿಮೇಜಿಯ ಕಲ್ಲುಗಳನ್ನು ಹೊತ್ತವರೂ ಅಕ್ಕಿ ತೆತ್ತ ರೈತರೇ. ಅಲ್ಲಿನ ಪ್ರವಾಸಿ ಕೈಪಿಡಿಗಳಲ್ಲಿ ಕತ್ತಿ ಹಿಡಿದವನಿಗಿರುವ ಜಾಗ ಅವರಿಗಿಲ್ಲ. ಆ ಕೊರತೆಯನ್ನು ನಾವು ಎರವಲು ತರಬೇಕಾಗಿಲ್ಲ. ವಾಡೆಯನ್ನು ನೋಡಬೇಕಾದದ್ದು ಹಗೇವಿನಿಂದ, ಲಾಯದಿಂದ, ಸದರಿನ ಲೆಕ್ಕದಿಂದ; ಯಾರ ಜೋಳ ಒಳಗೆ ಬಂತು, ಏನಾಗಿ ಹೊರಗೆ ಹೋಯಿತು ಎಂಬುದರಿಂದ. ಹಾಗೆ ನೋಡಿದರೆ ಅದು ದೇಸಾಯಿಯ ಮನೆತನದ ಇತಿಹಾಸಕ್ಕಿಂತ ಹೆಚ್ಚಾಗಿ ಆ ಸೀಮೆಯ ರೈತನ, ಶಿಲ್ಪಿಯ, ಕುದುರೆ ಕಾಯುವವನ ಇತಿಹಾಸ.

ಇದೆಲ್ಲ ಮರಾಠಿಗರ ಸಂಗತಿ, ಕನ್ನಡಿಗರಿಗೆ ಯಾಕೆ ಎಂಬ ಮಾತೂ ಗಡಿಯಲ್ಲಿ ಕೇಳಿಬರುತ್ತದೆ. ದಫ್ತರ ಮೋಡಿ ಲಿಪಿಯಲ್ಲಿತ್ತು, ಒಡೆಯರ ಮನೆಮಾತು ಮರಾಠಿಯಾಗಿತ್ತು, ನಿಜ. ಜೋಳ ಬೆಳೆದವರ ಮಾತು ಹಳ್ಳಿಹಳ್ಳಿಗೆ ಕನ್ನಡವಾಗಿತ್ತು, ಗಡಿಯ ಇಬ್ಬದಿಗೂ ಎರಡೂ ಮಾತಾಗಿತ್ತು. ಪುಣೆಯ, ಕೊಲ್ಹಾಪುರದ ದಫ್ತರಖಾನೆಗಳಲ್ಲಿ ಈ ಸೀಮೆಯ ಹಳ್ಳಿಗಳ ಲೆಕ್ಕ ಮೋಡಿಯಲ್ಲಿ ಮಲಗಿದೆ. ಮೋಡಿ ಓದಬಲ್ಲ ಕನ್ನಡ ಸಂಶೋಧಕರು ಬೆರಳೆಣಿಕೆಯವರು. ಯಾವುದಾದರೂ ವಾಡೆಯನ್ನು ವಸ್ತುಸಂಗ್ರಹಾಲಯ ಮಾಡುವ ಮಾತು ಬಂದಾಗ ಸಾಮಾನ್ಯವಾಗಿ ಬಣ್ಣ, ದೀಪ, ಕತ್ತಿ–ಗುರಾಣಿಗಳಿಗೆ ಅಂದಾಜುಪಟ್ಟಿ ಸಿದ್ಧವಾಗುತ್ತದೆ. ಉದ್ಘಾಟನೆಯ ಮರುದಿನ ಅಲ್ಲಿ ಯಾರು ಏನು ಮಾಡುತ್ತಾರೆ ಎಂಬ ಸಾಲು ಆ ಪಟ್ಟಿಯಲ್ಲಿ ಇರುವುದಿಲ್ಲ. ಇನುಯಾಮಾದಲ್ಲಿ ಆ ಸಾಲನ್ನು 1895ರ ಕರಾರಿನಲ್ಲೇ ಬರೆದಿದ್ದರು. ಅಂಕಲಿಯಲ್ಲಿ ಅದನ್ನು ಬರೆಯುವ ಅಗತ್ಯವೇ ಬೀಳಲಿಲ್ಲ: ಜ್ಯೇಷ್ಠ ಬಂದರೆ ಕುದುರೆ ಆಳಂದಿಗೆ ಹೊರಡಬೇಕು, ಹೊರಡಬೇಕಾದರೆ ವರ್ಷವಿಡೀ ಅದಕ್ಕೆ ಮೇವು ಬೇಕು, ಲಾಳ ಬೇಕು, ಮಾಲೀಸು ಮಾಡುವ ಕೈ ಬೇಕು, ಅದನ್ನು ಕಟ್ಟಲು ಮಳೆಗೆ ಸೋರದ ಒಂದು ಮಾಡು ಬೇಕು.